ನೋವಿನ ಚಿತ್ರವನ್ನು ಓದುವುದು ಹೇಗೆ? ಬ್ಲೇಕ್‌ನ ‘ಯೋಬನ ಕೆಟ್ಟ ಕನಸುಗಳು’ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಹಳೆಯ ಧಾರ್ಮಿಕ ಚಿತ್ರವೊಂದನ್ನು ಕೊಟ್ಟು ‘ಇದರಲ್ಲಿ ನೋವು ಹೇಗೆ ಬಂದಿದೆ, ಸಮಾಜದ ಟೀಕೆ ಎಲ್ಲಿದೆ, ಬರೆಯಿರಿ’ ಅಂದರೆ ಬರುವ ಉತ್ತರಗಳು ಬಹುತೇಕ ಎರಡೇ ಬಗೆ. ಒಂದು, ‘ದೇವರು ಭಕ್ತನನ್ನು ಪರೀಕ್ಷೆ ಮಾಡುತ್ತಿದ್ದಾನೆ, ಭಕ್ತ ಸಹಿಸಿಕೊಳ್ಳುತ್ತಿದ್ದಾನೆ.’ ಇನ್ನೊಂದು, ‘ಕಲಾವಿದ ಕ್ರಾಂತಿಕಾರಿ, ಇದು ವ್ಯವಸ್ಥೆಯ ವಿರುದ್ಧದ ಕೂಗು.’ ಎರಡರಲ್ಲೂ ಚಿತ್ರವೇ ಇಲ್ಲ. ಹೆಸರು ಬದಲಿಸಿ ಬೇರೆ ಯಾವ ಚಿತ್ರದ ಕೆಳಗೆ ಅಂಟಿಸಿದರೂ ಆ ವಾಕ್ಯಗಳು ಆರಾಮಾಗಿ ಕೂತುಕೊಳ್ಳುತ್ತವೆ.

ಬರೆದವರಿಗೆ ತಿಳಿವಳಿಕೆ ಕಮ್ಮಿ ಅಂತಲ್ಲ. ಅವರು ಕೊನೆಯ ಹೆಜ್ಜೆಯನ್ನು ಮೊದಲು ಇಡುತ್ತಾರೆ, ಅಷ್ಟೇ. ಅರ್ಥ ಮೊದಲೇ ತೀರ್ಮಾನವಾಗಿರುತ್ತದೆ, ಆಮೇಲೆ ಅದಕ್ಕೆ ಚಿತ್ರದಲ್ಲಿ ಸಾಕ್ಷಿ ಹುಡುಕುತ್ತಾರೆ. ಹಾಗಾಗಿ ಇಲ್ಲಿ ಕ್ರಮಕ್ಕೇ ಜಾಸ್ತಿ ಒತ್ತು. ಹೆಜ್ಜೆಗಳನ್ನು ಹಿಂದುಮುಂದು ಮಾಡಬೇಡಿ.

ಅಭ್ಯಾಸಕ್ಕೆ ಒಂದೇ ಚಿತ್ರ ಸಾಕು: ಇಂಗ್ಲೆಂಡಿನ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್ (1757–1827) 1805ರ ಆಸುಪಾಸಿನಲ್ಲಿ ಥಾಮಸ್ ಬಟ್ಸ್ ಎಂಬ ಗಿರಾಕಿಗಾಗಿ ಮಾಡಿದ ಯೋಬನ ಸರಣಿಯ ಜಲವರ್ಣ, ‘ಯೋಬನ ಕೆಟ್ಟ ಕನಸುಗಳು’. ಯೋಬ ಅಂದರೆ ಬೈಬಲ್‌ನಲ್ಲಿ ಬರುವ, ಕಾರಣವೇ ಗೊತ್ತಿಲ್ಲದೆ ಎಲ್ಲ ಕಳೆದುಕೊಂಡ ಸಜ್ಜನ. ಮೂಲ ಚಿತ್ರ ಈಗ ನ್ಯೂಯಾರ್ಕ್‌ನ ಮಾರ್ಗನ್ ಲೈಬ್ರರಿಯಲ್ಲಿದೆ.

## ಶುರು ಮಾಡುವ ಮೊದಲು ಏನೇನು ಬೇಕು

ದೊಡ್ಡ ಗಾತ್ರದ, ಸ್ಪಷ್ಟವಾದ ಪ್ರತಿ. ಗೂಗಲ್‌ನಲ್ಲಿ ಮೊದಲು ಸಿಕ್ಕ ಚಿಕ್ಕ ಚಿತ್ರ ಬೇಡ. ‘ವಿಲಿಯಂ ಬ್ಲೇಕ್ ಆರ್ಕೈವ್’ ಎಂಬ ಜಾಲತಾಣದಲ್ಲಿ ಈ ಸರಣಿಯ ಬೇರೆ ಬೇರೆ ರೂಪಗಳನ್ನು ಪುಕ್ಕಟೆಯಾಗಿ, ದೊಡ್ಡದು ಮಾಡಿ ನೋಡಬಹುದು. ಬೇರೆ ಕಡೆಯ ಪ್ರತಿಗಳಲ್ಲಿ ಅಂಚು ಕತ್ತರಿಸಿರುವುದು, ಬಣ್ಣ ಗಾಢ ಮಾಡಿರುವುದು ಮಾಮೂಲು. ಕೆಲವೊಮ್ಮೆ ಚಿತ್ರವನ್ನೇ ಎಡಬಲ ತಿರುಗಿಸಿರುತ್ತಾರೆ. ತಿರುಗಿದ ಪ್ರತಿ ಇಟ್ಟುಕೊಂಡು ಎಡಗೈ ಬಲಗೈ ಲೆಕ್ಕ ಹಾಕಿದರೆ ಮುಂದಿನ ಕೆಲಸವೆಲ್ಲ ದಂಡ.

ಕನ್ನಡ ಬೈಬಲ್. ಅದರಲ್ಲಿ ಯೋಬನ ಗ್ರಂಥ. ಬ್ಲೇಕ್ ಓದಿದ್ದು 1611ರ ಇಂಗ್ಲಿಷ್ ಬೈಬಲ್, ಆದರೆ ನಮಗೆ ಬೇಕಾದ ಅಧ್ಯಾಯ, ವಚನಗಳ ಸಂಖ್ಯೆ ಕನ್ನಡದಲ್ಲೂ ಅದೇ. 42 ಅಧ್ಯಾಯಗಳನ್ನೂ ಓದಲು ಹೊತ್ತಿಲ್ಲದಿದ್ದರೆ 1, 2, 3, 7, 22, 24 ಮತ್ತು 42 ಓದಿ. 24 ಬಿಡಲೇಬೇಡಿ, ಯಾಕೆ ಅಂತ ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

ಒಂದು ನೋಟ್‌ಬುಕ್, ಪೆನ್ಸಿಲ್. ಪುಟವನ್ನು ಮೂರು ಕಾಲಂ ಮಾಡಿ: ‘ಕಂಡದ್ದು’, ‘ಗ್ರಂಥದಲ್ಲಿ ಇರುವುದು’, ‘ಗ್ರಂಥದಲ್ಲಿ ಇಲ್ಲದ್ದು’. ಮೂರನೆಯ ಕಾಲಂ ಮೇಲೆ ಒಂದು ಕಣ್ಣಿರಲಿ. ನಿಮ್ಮ ಬರಹದ ಜೀವ ಇರುವುದು ಅಲ್ಲೇ.

ಕಲಾವಿಮರ್ಶೆಯ ಪುಸ್ತಕಗಳನ್ನು ಸದ್ಯಕ್ಕೆ ತೆರೆಯಬೇಡಿ.

## ಹಂತ 1: ಹೆಸರು ಇಡದೆ ನೋಡಿ

ಹತ್ತು ನಿಮಿಷ ಸುಮ್ನೆ ನೋಡಿ. ಆಮೇಲೆ ಮೊದಲ ಕಾಲಂ ತುಂಬಿಸಿ. ಒಂದೇ ನಿಯಮ: ಯಾರಿಗೂ ಹೆಸರು ಕೊಡಬಾರದು. ‘ದೇವರು’ ಅಂತ ಬರೆಯಬೇಡಿ, ‘ಸೈತಾನ’ ಅಂತಲೂ ಬರೆಯಬೇಡಿ. ‘ಮೇಲಿನ ಆಕೃತಿ’, ‘ಮಲಗಿರುವವನು’, ‘ಕೆಳಗಿನವರು’ ಅಂದರೆ ಸಾಕು.

ಈ ಚಿತ್ರದಲ್ಲಿ ನಿಮಗೆ ಸಿಗಬೇಕಾದದ್ದು ಇಷ್ಟು. ಗಡ್ಡದ ಮುದುಕನೊಬ್ಬ ಚಾಪೆಯಂಥ ಹಾಸಿಗೆ ಮೇಲೆ ಮಲಗಿದ್ದಾನೆ. ಅವನ ಮೇಲೆ, ಅವನಿಗೆ ಸಮಾನಾಂತರವಾಗಿ, ಇನ್ನೊಬ್ಬ ಗಡ್ಡದವನು ಗಾಳಿಯಲ್ಲಿ ತೇಲುತ್ತಿದ್ದಾನೆ. ಅವನ ಮೈಗೆ ದೊಡ್ಡ ಹಾವು ಸುತ್ತಿಕೊಂಡಿದೆ. ಅವನ ಒಂದು ಕೈ ಕಲ್ಲಿನ ಹಲಗೆಗಳ ಕಡೆ ತೋರಿಸುತ್ತಿದೆ, ಅಲ್ಲಿ ಮಿಂಚು. ಇನ್ನೊಂದು ಕೈ ಕೆಳಗಿನ ಬೆಂಕಿಯ ಕಡೆ. ಆ ಬೆಂಕಿಯಿಂದ ಪಿಶಾಚಿಯಂಥವರು ಮೇಲಕ್ಕೆ ಕೈ ಚಾಚಿದ್ದಾರೆ, ಸರಪಳಿಯೂ ಇದೆ. ಕೊನೆಗೆ, ಎಷ್ಟೋ ಜನ ನೋಡದೇ ಬಿಡುವ ಒಂದು ವಿವರ: ತೇಲುತ್ತಿರುವವನ ಪಾದ ಮನುಷ್ಯನ ಪಾದವಲ್ಲ, ಸೀಳಿದ ಗೊರಸು.

ಇನ್ನೊಂದು ವಿವರವನ್ನು ಈಗಲೇ ಗುರುತು ಹಾಕಿಕೊಳ್ಳಿ. ಎರಡೂ ಮುಖ ದೊಡ್ಡದು ಮಾಡಿ, ಒಂದರ ಪಕ್ಕ ಒಂದು ಇಟ್ಟು ನೋಡಿ. ಮೇಲಿನವನ ಮುಖವೂ ಮಲಗಿರುವವನ ಮುಖವೂ ಒಂದೇ ಅಚ್ಚು. ಕೈತಪ್ಪಿ ಆದದ್ದಲ್ಲ ಇದು. ಇಡೀ ಸರಣಿಯಲ್ಲಿ ಬ್ಲೇಕ್ ಯೋಬನಿಗೂ ಅವನ ದೇವರಿಗೂ ಒಂದೇ ಮುಖ ಕೊಟ್ಟಿದ್ದಾನೆ.

ಎಚ್ಚರಿಕೆಯ ಗುರುತು: ನಿಮ್ಮ ಮೊದಲ ಕಾಲಂನಲ್ಲಿ ‘ಭೀಕರ’, ‘ಅದ್ಭುತ’, ‘ಮನಕಲಕುವ’ ಇಂಥ ಪದ ಬಂದಿದ್ದರೆ ಹೊಡೆದುಹಾಕಿ. ಅವು ನಿಮಗೆ ಅನಿಸಿದ್ದು, ನೀವು ಕಂಡದ್ದಲ್ಲ.

## ಹಂತ 2: ನೋವು ಮೈಯಲ್ಲಿ ಎಲ್ಲಿದೆ, ಹುಡುಕಿ

‘ಯೋಬ ತುಂಬ ನೋವಿನಲ್ಲಿದ್ದಾನೆ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ನೋವು ಮೈಯ ಯಾವ ಭಾಗದಲ್ಲಿ ಕಾಣುತ್ತಿದೆ, ಯಾವ ದಿಕ್ಕಿನಿಂದ ಬರುತ್ತಿದೆ, ಅದಕ್ಕೆ ಮೈ ಏನು ಉತ್ತರ ಕೊಡುತ್ತಿದೆ, ಈ ಮೂರನ್ನು ಕೇಳಿಕೊಳ್ಳಿ.

ಇಲ್ಲೊಂದು ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ. ಚಿತ್ರದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಕೈಗಳನ್ನು ಮಾತ್ರ ಎಳೆದುಕೊಳ್ಳಿ. ಬೇರೇನೂ ಬೇಡ. ಮೇಲಿನಿಂದ ತೋರಿಸುವ ಕೈಗಳು, ಕೆಳಗಿನಿಂದ ಎಳೆಯುವ ಕೈಗಳು, ನಡುವೆ ತಡೆಯಲು ನೋಡುವ ಕೈಗಳು. ಚಿತ್ರದ ಕಥೆ ಅಷ್ಟರಲ್ಲೇ ತೆರೆದುಕೊಳ್ಳುತ್ತದೆ. ಯೋಬ ಎರಡು ಕಡೆಯ ಒತ್ತಡದ ಮಧ್ಯೆ ಸಿಕ್ಕಿಬಿದ್ದಿದ್ದಾನೆ. ಮೇಲೆ ಕಾನೂನು (ಆ ಕಲ್ಲಿನ ಹಲಗೆಗಳು), ಕೆಳಗೆ ಶಿಕ್ಷೆ (ಆ ಬೆಂಕಿ, ಸರಪಳಿ). ಮೇಲೂ ಕೆಳಗೂ ಎರಡನ್ನೂ ತೋರಿಸುತ್ತಿರುವುದು ಒಬ್ಬನೇ.

ಚಿತ್ರದ ಆಕಾರವೂ ಇದಕ್ಕೆ ಜೊತೆಗೂಡುತ್ತದೆ. ಮೇಲಿನವನು ಎದುರು ನಿಂತಿಲ್ಲ, ಮುಚ್ಚಳ ಹಾಕಿದ ಹಾಗೆ ಮೈಮೇಲೆ ಕವಿದಿದ್ದಾನೆ. ಎದ್ದು ಓಡಲು ಜಾಗವಿಲ್ಲ.

ಇಲ್ಲಿ ಆಗುವ ತಪ್ಪು: ಯೋಬನ ಮೈಕಟ್ಟು ಗಟ್ಟಿಮುಟ್ಟಾಗಿದೆಯಲ್ಲ, ಹಾಗಾದರೆ ಅವನಿಗೆ ಅಷ್ಟೇನೂ ನೋವಿಲ್ಲ ಅಂತ ಕೆಲವರು ಬರೆಯುತ್ತಾರೆ. ಬ್ಲೇಕ್‌ನ ಎಲ್ಲ ಮೈಗಳೂ ಹಾಗೇ. ಮುದುಕ, ರೋಗಿ, ದೇವದೂತ, ಎಲ್ಲರಿಗೂ ಸ್ನಾಯು ಎದ್ದು ಕಾಣುತ್ತವೆ. ಅದು ಅವನ ಕೈಯ ರೂಢಿ, ಅದನ್ನು ಆರೋಗ್ಯದ ಗುರುತು ಅಂದುಕೊಳ್ಳಬಾರದು. ಒಬ್ಬ ಕಲಾವಿದನ ರೂಢಿ ಯಾವುದು, ಈ ಚಿತ್ರಕ್ಕೇ ಮಾಡಿದ ವಿಶೇಷ ಯಾವುದು ಅಂತ ತಿಳಿಯಬೇಕಾದರೆ ಅವನ ಇನ್ನೂ ನಾಲ್ಕೈದು ಚಿತ್ರ ನೋಡಲೇಬೇಕು. ಬೇರೆ ದಾರಿ ಇಲ್ಲ.

## ಹಂತ 3: ಗ್ರಂಥದ ಸಾಲು ಹುಡುಕಿ, ಪಕ್ಕದಲ್ಲಿ ಇಡಿ

ಈಗ ಬೈಬಲ್ ತೆರೆಯಿರಿ. ಈ ಚಿತ್ರಕ್ಕೆ ಮೂಲ ಯೋಬ 7:13–14. ಯೋಬ ದೇವರಿಗೆ ಹೇಳುವ ಮಾತು: ಹಾಸಿಗೆಯಲ್ಲಾದರೂ ನನಗೆ ನೆಮ್ಮದಿ ಸಿಗಬಹುದು ಅಂದುಕೊಂಡರೆ ಅಲ್ಲೂ ನೀನು ಕನಸುಗಳಿಂದ ಬೆದರಿಸುತ್ತೀ, ದರ್ಶನಗಳಿಂದ ಹೆದರಿಸುತ್ತೀ. ಅಷ್ಟೇ.

ಎರಡನೆಯ ಕಾಲಂನಲ್ಲಿ ಇದರಿಂದ ಏನು ಬರೆಯಬಹುದು? ಹಾಸಿಗೆ. ಕನಸು. ಭಯ. ಭಯ ಹುಟ್ಟಿಸುವ ‘ನೀನು’.

ಹಾಗಾದರೆ ಮೂರನೆಯ ಕಾಲಂನಲ್ಲಿ? ಹಾವು, ಗೊರಸು, ಕಲ್ಲಿನ ಹಲಗೆಗಳು, ಮಿಂಚು, ಬೆಂಕಿ, ಪಿಶಾಚಿಗಳು, ಸರಪಳಿ, ಒಂದೇ ಮುಖ. ನೋಡಿ, ಚಿತ್ರದಲ್ಲಿ ಕಣ್ಣಿಗೆ ಹೊಡೆಯುವುದೆಲ್ಲ ಆ ವಚನದಲ್ಲಿ ಇಲ್ಲ! ಅದನ್ನೆಲ್ಲ ಬ್ಲೇಕ್ ಸೇರಿಸಿದ್ದಾನೆ. ಕಲಾವಿದನ ಅಭಿಪ್ರಾಯ ಬೇಕಾದರೆ ಹುಡುಕಬೇಕಾದ ಜಾಗ ಇದು. ಗ್ರಂಥ ಹೇಳಿದ್ದನ್ನು ಹೇಳಿದ ಹಾಗೆ ಬರೆದರೆ ಅದು ಗ್ರಂಥದ ಮಾತು. ಹೇಳದ್ದನ್ನು ಬರೆದರೆ ಅದು ಚಿತ್ರಕಾರನ ಮಾತು.

ಕಲ್ಲಿನ ಹಲಗೆಗಳನ್ನೇ ತೆಗೆದುಕೊಳ್ಳಿ. ಅವು ಬೈಬಲ್‌ನ ಇನ್ನೊಂದು ಗ್ರಂಥದಲ್ಲಿ ಪ್ರವಾದಿ ಮೋಶೆಗೆ ಸಿನಾಯಿ ಬೆಟ್ಟದಲ್ಲಿ ಸಿಕ್ಕ, ದೇವರ ಹತ್ತು ಆಜ್ಞೆಗಳ ಹಲಗೆಗಳನ್ನು ನೆನಪಿಸುತ್ತವೆ. ಯೋಬನ ಕಥೆಯಲ್ಲಿ ಮೋಶೆಯೂ ಇಲ್ಲ, ಸಿನಾಯಿಯೂ ಇಲ್ಲ. ಬೇರೆ ಗ್ರಂಥದ ವಸ್ತುವನ್ನು ಇಲ್ಲಿಗೆ ತಂದಿದ್ದಾನೆ ಅಂದರೆ ಅದಕ್ಕೊಂದು ಕೆಲಸ ಇರಲೇಬೇಕು.

ನಮ್ಮ ಓದುಗರು ಎಡವುವ ಎರಡು ಜಾಗಗಳನ್ನು ಇಲ್ಲೇ ಹೇಳಿಬಿಡುತ್ತೇನೆ.

ಒಂದು ಹಾವು. ದೇವರ ಮೈಮೇಲೆ ಹಾವು ನಮಗೆ ಹೊಸದಲ್ಲ. ಶಿವನ ಕೊರಳಲ್ಲಿದೆ, ವಿಷ್ಣು ಮಲಗಿರುವುದೇ ಅದರ ಮೇಲೆ, ನಾಗರಪಂಚಮಿಗೆ ಹಾಲೆರೆಯುತ್ತೇವೆ. ಹಾಗಾಗಿ ‘ಹಾವು ದೈವತ್ವದ ಸಂಕೇತ’ ಅಂತ ಕೈ ತಾನಾಗಿಯೇ ಬರೆದುಬಿಡುತ್ತದೆ. ಬ್ಲೇಕ್ ಬೆಳೆದ ಬೈಬಲ್ ಲೋಕದಲ್ಲಿ ಹಾವು ಅಂದರೆ ಏದೆನ್ ತೋಟದಲ್ಲಿ ಮೊದಲ ಹೆಂಗಸು ಹವ್ವಳನ್ನು ಮರುಳು ಮಾಡಿದ್ದು. ದೇವರ ಮೈಗೆ ಅದು ಸುತ್ತಿಕೊಂಡಿದ್ದರೆ ಆ ‘ದೇವರ’ ಮೇಲೆ ಅನುಮಾನ ಬರಬೇಕು. ಗೊರಸೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ಯೂರೋಪಿನ ಚಿತ್ರಗಳಲ್ಲಿ ಸೀಳುಗೊರಸು ಸೈತಾನನ ಗುರುತು.

ಇನ್ನೊಂದು ಹರಿಶ್ಚಂದ್ರ. ಎಲ್ಲ ಕಳೆದುಕೊಂಡ ಸಜ್ಜನ ಅಂದ ತಕ್ಷಣ ರಾಘವಾಂಕ ನೆನಪಾಗುವುದು ಸಹಜ. ಆದರೆ ಹೋಲಿಕೆ ಬಹಳ ದೂರ ಬರುವುದಿಲ್ಲ. ಹರಿಶ್ಚಂದ್ರ ಕೊಟ್ಟ ಮಾತಿಗಾಗಿ ನೋವು ಉಣ್ಣುತ್ತಾನೆ, ತಾನು ಯಾಕೆ ಸಹಿಸುತ್ತಿದ್ದೇನೆ ಅಂತ ಅವನಿಗೆ ಗೊತ್ತು. ಯೋಬನಿಗೆ ಕಾರಣವೇ ಗೊತ್ತಿಲ್ಲ. ಅವನು ತಾಳ್ಮೆಯಿಂದ ಸುಮ್ಮನೆ ಕೂತವನೂ ಅಲ್ಲ. ಮೂರನೇ ಅಧ್ಯಾಯದಲ್ಲಿ ಹುಟ್ಟಿದ ದಿನವನ್ನೇ ಶಪಿಸುತ್ತಾನೆ, ಮುಂದೆ ದೇವರ ಜೊತೆ ವಾದಕ್ಕೇ ಇಳಿಯುತ್ತಾನೆ. ‘ಸತ್ವಪರೀಕ್ಷೆ’ ಅಂತ ಬರೆದು ಮುಂದೆ ಹೋದರೆ ಆ ಜಗಳ ಪೂರ್ತಿ ಕೈತಪ್ಪಿಹೋಗುತ್ತದೆ.

## ಹಂತ 4: ಸಿಟ್ಟು ಯಾರದ್ದು, ಗ್ರಂಥದ್ದೋ ಚಿತ್ರಕಾರನದ್ದೋ?

ಸಮಾಜದ ಟೀಕೆ ಹುಡುಕುವ ಉತ್ಸಾಹದಲ್ಲಿ ಎಲ್ಲವನ್ನೂ ಬ್ಲೇಕ್ ತಲೆಗೆ ಕಟ್ಟುವುದು ಸಾಮಾನ್ಯ. ಅದಕ್ಕೇ 24ನೇ ಅಧ್ಯಾಯ ಓದಲು ಹೇಳಿದ್ದು. ಅಲ್ಲಿ ಯೋಬನೇ ಬಡವರ ಪಾಡನ್ನು ಬಿಡಿಸಿ ಹೇಳುತ್ತಾನೆ. ಹೊದೆಯಲು ಬಟ್ಟೆಯಿಲ್ಲದೆ ಚಳಿಯಲ್ಲಿ ಮಲಗುವವರು, ಹಸಿದುಕೊಂಡೇ ಬೇರೆಯವರ ಸಿವುಡು ಹೊರುವವರು, ದ್ರಾಕ್ಷಿ ತುಳಿದು ರಸ ತೆಗೆದರೂ ಬಾಯಾರಿಕೊಂಡೇ ಇರುವವರು. ಬ್ಲೇಕ್ ಹುಟ್ಟುವ ಎಷ್ಟೋ ಶತಮಾನಗಳ ಮೊದಲೇ ಈ ಸಿಟ್ಟು ಗ್ರಂಥದೊಳಗಿತ್ತು.

22ನೇ ಅಧ್ಯಾಯವೂ ಮುಖ್ಯ. ಅಲ್ಲಿ ಸ್ನೇಹಿತ ಎಲೀಫಜ ಯೋಬನಿಗೆ ನೇರವಾಗಿ ಹೇಳುತ್ತಾನೆ: ನೀನು ವಿಧವೆಯರನ್ನು ಬರಿಗೈಯಲ್ಲಿ ಕಳಿಸಿದ್ದೀಯ, ಹಸಿದವನಿಗೆ ರೊಟ್ಟಿ ಕೊಟ್ಟಿಲ್ಲ, ಅದಕ್ಕೇ ಹೀಗಾಗಿದೆ. ಅಂದರೆ ಕಷ್ಟ ಬಂದಿದೆಯೆಂದ ಮೇಲೆ ತಪ್ಪು ಮಾಡಿರಲೇಬೇಕು ಎಂಬ ವಾದ. ನಮ್ಮೂರ ಜಗಲಿ ಮೇಲೂ ಕೇಳುವ ಮಾತೇ, ಅಲ್ವಾ? 42ನೇ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರಿಗೇ ‘ನೀವು ಹೇಳಿದ್ದು ಸರಿಯಲ್ಲ’ ಅನ್ನುತ್ತಾನೆ.

ಹಾಗಾಗಿ ನೋಟ್‌ಬುಕ್‌ನಲ್ಲಿ ಗೆರೆ ಎಳೆದು ಬೇರೆ ಮಾಡಿ. ‘ನೋವಿಗೆ ಪಾಪವೇ ಕಾರಣ ಅನ್ನುವುದು ತಪ್ಪು’ ಎಂಬ ಮಾತು ಗ್ರಂಥದ್ದು. ‘ಶಿಕ್ಷೆಯ ಕಾನೂನು ಹಿಡಿದು ಹೆದರಿಸುವ ದೇವರೇ ಸೈತಾನನ ವೇಷ’ ಎಂಬ ಮಾತು ಬ್ಲೇಕ್‌ನದ್ದು. ಮೊದಲನೆಯದರ ಮೇಲೆ ನಿಂತು ಅವನು ಎರಡನೆಯದಕ್ಕೆ ಜಿಗಿದಿದ್ದಾನೆ.

## ಹಂತ 5: ಒಂದೇ ಚಿತ್ರದ ಬೇರೆ ರೂಪಗಳನ್ನು ಜೋಡಿಸಿ ನೋಡಿ

ಯೋಬನ ಸರಣಿ ಮೂರು ಸಲ ಬಂದಿದೆ. ಮೊದಲು ಬಟ್ಸ್‌ಗೆ ಮಾಡಿದ ಜಲವರ್ಣಗಳು. 1821ರಲ್ಲಿ ಜಾನ್ ಲಿನೆಲ್ ಎಂಬ ಯುವ ಕಲಾವಿದನಿಗಾಗಿ ಇನ್ನೊಂದು ಜಲವರ್ಣ ಸರಣಿ. ಅದಕ್ಕೆ ಲಿನೆಲ್ ತಾನೇ ಹೊರಗೆರೆಗಳನ್ನು ನಕಲು ತೆಗೆದುಕೊಟ್ಟ, ಬ್ಲೇಕ್ ಮುಗಿಸಿದ. ಆಮೇಲೆ 1823ರ ಒಪ್ಪಂದದಂತೆ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ಚಿತ್ರಗಳು. ಒಂದು ತಗಡಿಗೆ 5 ಪೌಂಡ್ ಅಂತ ಮಾತಾಗಿತ್ತು. 1826ರಲ್ಲಿ ಪ್ರಕಟವಾದವು, ಒಟ್ಟು 21 ಚಿತ್ರ.

ಅಚ್ಚಿನ ಚಿತ್ರಗಳಲ್ಲಿ ಸುತ್ತ ಅಂಚಿನಲ್ಲಿ ಬೈಬಲ್ ಸಾಲುಗಳಿವೆ. ಜಲವರ್ಣಗಳಲ್ಲಿ ಆ ಸಾಲುಗಳಿಲ್ಲ. ‘ಕೆಟ್ಟ ಕನಸು’ಗಳ ಅಚ್ಚಿನ ಅಂಚಿನಲ್ಲಿ ಬ್ಲೇಕ್ ಹೊಸ ಒಡಂಬಡಿಕೆಯ ಒಂದು ಮಾತನ್ನೂ ಸೇರಿಸಿದ್ದಾನೆ. ಸೈತಾನನೇ ಬೆಳಕಿನ ದೂತನ ವೇಷ ಹಾಕುತ್ತಾನೆ, ಅವನ ಸೇವಕರು ನೀತಿಯ ಸೇವಕರ ವೇಷ ಹಾಕುತ್ತಾರೆ ಎಂಬರ್ಥದ ಮಾತು, 2 ಕೊರಿಂಥ 11:14–15. ಮೇಲಿನ ಆಕೃತಿ ಯಾರು ಎಂಬ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಚಿತ್ರದೊಳಗೆ ಸಿಗುವುದಿಲ್ಲ.

ಆದರೆ ಇಲ್ಲೇ ದೊಡ್ಡ ಗುಂಡಿ ಇದೆ. ಆ ಸಾಲು ಬಂದದ್ದು ಸುಮಾರು 20 ವರ್ಷ ಆದಮೇಲೆ. ‘ಜಲವರ್ಣದ ಮೇಲೆ ಬ್ಲೇಕ್ ಹೀಗೆ ಬರೆದಿದ್ದಾನೆ’ ಅಂದರೆ ಶುದ್ಧ ತಪ್ಪು. ‘ಮುಂದೆ ಅಚ್ಚು ಹಾಕುವಾಗ ಈ ಸಾಲು ಸೇರಿಸಿದ, ಜಲವರ್ಣದಲ್ಲಿ ಗೊರಸು ಹೇಳುತ್ತಿದ್ದ ಮಾತನ್ನು ಅದು ಗಟ್ಟಿ ಮಾಡುತ್ತದೆ’ ಅಂದರೆ ಸರಿ. ಜಲವರ್ಣದ ಬಗ್ಗೆ ಬರೆಯುವವರು ಅಚ್ಚಿನ ಚಿತ್ರದ ಫೋಟೋ ನೋಡಿ ಬರೆಯುವುದು ನನಗೆ ಅತಿ ಹೆಚ್ಚು ಕಾಣಸಿಗುವ ತಪ್ಪು. ಅಂಚಿನಲ್ಲಿ ಅಕ್ಷರ ಕಂಡರೆ, ಚಿತ್ರ ಕಪ್ಪುಬಿಳುಪಾಗಿದ್ದರೆ, ನಿಮ್ಮ ಕೈಯಲ್ಲಿರುವುದು ಜಲವರ್ಣ ಅಲ್ಲ.

ಈಗ ಆ ಆಕೃತಿಗೆ ಹೆಸರಿಡಬಹುದು. ಮೂರು ಸಾಧ್ಯತೆಗಳಿವೆ: ದೇವರು, ದೇವರ ವೇಷದ ಸೈತಾನ, ಅಥವಾ ಯೋಬ ತನ್ನ ಮನಸ್ಸಿನಲ್ಲೇ ಕಟ್ಟಿಕೊಂಡ ದೇವರು. ಗೊರಸು ಎರಡನೆಯದಕ್ಕೆ ಸಾಕ್ಷಿ, ಒಂದೇ ಮುಖ ಮೂರನೆಯದಕ್ಕೆ ಸಾಕ್ಷಿ. ನನಗೆ ಎರಡನ್ನೂ ಕೂಡಿಸಿ ಓದುವುದೇ ಸರಿ ಕಾಣುತ್ತದೆ. ಯೋಬ ಇಷ್ಟು ದಿನ ಪೂಜಿಸಿದ್ದು ತನ್ನದೇ ಮುಖದ, ತಪ್ಪಿಗೆ ತಕ್ಕ ಶಿಕ್ಷೆ ಕೊಡುವ ದೇವರನ್ನು. ಕಷ್ಟ ಬಂದಾಗ ಅದೇ ದೇವರು ಸೈತಾನನಾಗಿ ಎದೆಯ ಮೇಲೆ ಬಂದಿದ್ದಾನೆ. ನೀವು ಒಪ್ಪದಿದ್ದರೆ ಪರವಾಗಿಲ್ಲ, ಆದರೆ ಗೊರಸಿಗೂ ಮುಖಕ್ಕೂ ಎರಡಕ್ಕೂ ಲೆಕ್ಕ ಕೊಡಬೇಕು. ಒಂದನ್ನು ಬಿಟ್ಟು ಬರೆದ ವ್ಯಾಖ್ಯಾನ ನಿಲ್ಲುವುದಿಲ್ಲ.

## ಹಂತ 6: ಈಗ ಕಾಲವನ್ನು ತನ್ನಿ, ಸಾಕ್ಷಿಯನ್ನು ತೂಗಿ

ಇಷ್ಟಾದ ಮೇಲೆ ಮಾತ್ರ ಅಂದಿನ ಇಂಗ್ಲೆಂಡಿಗೆ ಹೋಗಿ. ಮೊದಲೇ ಹೋದರೆ ಚಿತ್ರ ಬರೀ ಇತಿಹಾಸದ ಪಾಠಕ್ಕೆ ಹಾಕಿದ ಪಟ ಆಗಿಬಿಡುತ್ತದೆ.

ಸಂಗತಿ ಸಿಕ್ಕಿದ್ದನ್ನೆಲ್ಲ ತುಂಬಬೇಡಿ. ಪ್ರತಿಯೊಂದನ್ನೂ ಗಟ್ಟಿ, ಮಧ್ಯಮ, ಸಡಿಲ ಅಂತ ವಿಂಗಡಿಸಿ. ಗಟ್ಟಿ ಅಂದರೆ ಬ್ಲೇಕ್‌ನದೇ ಮಾತು ಇದ್ದು ಅದು ಚಿತ್ರದ ವಿವರಕ್ಕೆ ನೇರವಾಗಿ ತಾಗಬೇಕು.

ಗಟ್ಟಿಯಾದ ಒಂದು ಸಾಕ್ಷಿ: 1790ರ ಸುಮಾರಿಗೇ ಬ್ಲೇಕ್ ತನ್ನ ಗಾದೆಯಂಥ ಸಾಲೊಂದರಲ್ಲಿ ಸೆರೆಮನೆಗಳನ್ನು ಕಟ್ಟಿರುವುದು ಕಾನೂನಿನ ಕಲ್ಲುಗಳಿಂದ ಅಂತ ಹೇಳಿದ್ದ. ಕಲ್ಲಿನ ಹಲಗೆ, ಅದರ ಕೆಳಗೆ ಸರಪಳಿ: ಚಿತ್ರದ ಜೋಡಣೆಗೆ ಇದು ತುಂಬ ಹತ್ತಿರ. ಆ ಕಾಲದ ಇಂಗ್ಲೆಂಡಿನಲ್ಲಿ ಚಿಕ್ಕಪುಟ್ಟ ಕಳ್ಳತನಗಳೂ ಸೇರಿ ಸುಮಾರು 200 ಅಪರಾಧಗಳಿಗೆ ಮರಣದಂಡನೆ ಇತ್ತು ಅನ್ನುವುದನ್ನು ಇದರ ಜೊತೆ ಇಡಬಹುದು.

ಗಟ್ಟಿಯಾದ ಇನ್ನೊಂದು: ಲಾಂಡಾಫ್‌ನ ಬಿಷಪ್ ರಿಚರ್ಡ್ ವಾಟ್ಸನ್ ಬರೆದ ಒಂದು ಉಪದೇಶದ ಹೆಸರೇ, ಬಡವರನ್ನೂ ಶ್ರೀಮಂತರನ್ನೂ ಇಬ್ಬರನ್ನೂ ಸೃಷ್ಟಿಸಿದ್ದರಲ್ಲಿ ದೇವರ ಜ್ಞಾನ, ಒಳ್ಳೆಯತನ ಇದೆ ಎಂಬರ್ಥದ್ದು. ಬ್ಲೇಕ್ 1798ರಲ್ಲಿ ವಾಟ್ಸನ್‌ನ ಇನ್ನೊಂದು ಪುಸ್ತಕ ಓದುತ್ತ, ಈ ಹೆಸರಿಗೆ ಉತ್ತರವಾಗಿ ಬರೆದಿಟ್ಟ. ದೇವರು ಮನುಷ್ಯನನ್ನು ಸುಖಿಯಾಗಿ, ಶ್ರೀಮಂತನಾಗಿಯೇ ಮಾಡಿದ. ಮುಗ್ಧರನ್ನು ಬಡವರನ್ನಾಗಿ ಮಾಡಿದ್ದು ಕುತಂತ್ರಿಗಳು ಅಂತ. ಅಂದರೆ ಜನರ ಕಷ್ಟಕ್ಕೆ ದೇವರ ಹೆಸರು ಹಚ್ಚುವುದರ ಮೇಲೆ ಅವನಿಗಿದ್ದ ಸಿಟ್ಟು ನಮ್ಮ ಊಹೆ ಅಲ್ಲ, ಅವನ ಕೈಬರಹದಲ್ಲೇ ಇದೆ.

ಮಧ್ಯಮ: 1803ರ ಆಗಸ್ಟ್‌ನಲ್ಲಿ ಫೆಲ್ಫಮ್ ಹಳ್ಳಿಯಲ್ಲಿ ಬ್ಲೇಕ್ ತನ್ನ ತೋಟಕ್ಕೆ ಬಂದ ಸೈನಿಕನೊಬ್ಬನನ್ನು ಹೊರಗೆ ದಬ್ಬಿದ. ಇವನು ರಾಜನನ್ನು ಬೈದ ಅಂತ ಆ ಸೈನಿಕ ದೂರು ಕೊಟ್ಟ. ರಾಜದ್ರೋಹದ ಮಾತಿನ ಮೊಕದ್ದಮೆ ನಡೆದು, 1804ರ ಜನವರಿಯಲ್ಲಿ ಚಿಚೆಸ್ಟರ್‌ನಲ್ಲಿ ಬ್ಲೇಕ್ ಖುಲಾಸೆಯಾದ. ಯೋಬನ ಚಿತ್ರ ಇದಾದ ಒಂದೆರಡು ವರ್ಷಕ್ಕೆ ಬಂದದ್ದು. ತಾನು ಮಾಡದ ತಪ್ಪಿಗೆ ಆರೋಪ ಹೊತ್ತವನು ಯೋಬನನ್ನು ಆರಿಸಿಕೊಂಡದ್ದರಲ್ಲಿ ಅರ್ಥ ಇದೆ ಅನಿಸುತ್ತದೆ. ಆದರೆ ‘ಅನಿಸುತ್ತದೆ’ ಅಂತಲೇ ಬರೆಯಿರಿ.

ಸಡಿಲ: ಸುರಿನಾಮ್‌ನ ಗುಲಾಮರ ಬಗ್ಗೆ ಸ್ಟೆಡ್‌ಮನ್ ಬರೆದು 1796ರಲ್ಲಿ ಬಂದ ಪುಸ್ತಕಕ್ಕೆ ಬ್ಲೇಕ್ ಕೆಲವು ಚಿತ್ರಗಳನ್ನು ಕೊರೆದುಕೊಟ್ಟಿದ್ದ. ಪಕ್ಕೆಲುಬಿಗೆ ಕೊಕ್ಕೆ ಹಾಕಿ ಜೀವಂತ ನೇತುಹಾಕಿದ ಗುಲಾಮನ ಚಿತ್ರವೂ ಅದರಲ್ಲಿತ್ತು. ಹಿಂಸೆಗೊಳಗಾದ ಮೈಯನ್ನು ಗೆರೆಗೆರೆಯಾಗಿ ಕೊರೆದ ಕೈ ಅದು. ಹಾಗಂತ ಯೋಬನ ಚಿತ್ರದ ಸರಪಳಿಯೇ ಗುಲಾಮರ ಸರಪಳಿ ಅಂತ ಹೇಳಲು ಚಿತ್ರದಲ್ಲಿ ಬೇರೆ ಆಧಾರ ಸಿಗುವುದಿಲ್ಲ. ಒಂದು ವಾಕ್ಯದಲ್ಲಿ ನೆನಪಿಸಿ, ಬಿಟ್ಟುಬಿಡಿ.

ಇನ್ನೊಂದು ಸಂಗತಿ ನನಗೆ ಯಾವತ್ತೂ ಕುತೂಹಲ ಹುಟ್ಟಿಸುತ್ತದೆ: ಈ ಚಿತ್ರಗಳಿಗೆ ದುಡ್ಡು ಕೊಟ್ಟ ಬಟ್ಸ್ ಸೈನ್ಯದ ಹಾಜರಿ ಲೆಕ್ಕ ನೋಡುವ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯುದ್ಧದ ಕಾಲದಲ್ಲಿ ಆ ಕಚೇರಿಯ ಸಂಬಳದಿಂದ ಈ ಚಿತ್ರಗಳು ಹುಟ್ಟಿದವು. ಇದರಿಂದ ಚಿತ್ರದ ಅರ್ಥ ಬದಲಾಗುವುದಿಲ್ಲ. ಆದರೆ ‘ವ್ಯವಸ್ಥೆಯ ವಿರುದ್ಧ’ ಅಂತ ಕಣ್ಣು ಮುಚ್ಚಿ ಬರೆಯುವವರ ಕೈ ಸ್ವಲ್ಪ ತಡೆಯುತ್ತದೆ.

## ಹಂತ 7: ಬಣ್ಣದ ಬಗ್ಗೆ ಬಾಯಿ ಬಿಡುವ ಮೊದಲು

ಬೇಗ ಮುಗಿಸುತ್ತೇನೆ. ಜಲವರ್ಣ ಬೆಳಕಿಗೆ ಮಾಸುತ್ತದೆ. ಕೆಲವು ಗುಲಾಬಿ, ನೀಲಿ ಬಣ್ಣಗಳು ಬೇಗ ಹೋಗುತ್ತವೆ, ಕಾಗದ ಹಳದಿಯಾಗುತ್ತದೆ. ಅದಕ್ಕೇ ಸಂಗ್ರಹಾಲಯಗಳು ಇವನ್ನು ಜಾಸ್ತಿ ಹೊತ್ತು ಹೊರಗಿಡುವುದಿಲ್ಲ. ಹಾಗಾಗಿ ‘ಮಂಕು ಹಳದಿ ಯೋಬನ ನಿರಾಸೆಯನ್ನು ಸೂಚಿಸುತ್ತದೆ’ ಅಂತ ಬರೆದರೆ ನೀವು ಕಾಗದದ ವಯಸ್ಸನ್ನು ಓದುತ್ತಿರಬಹುದು. ಎಲ್ಲಿ ಗಾಢ, ಎಲ್ಲಿ ತಿಳಿ, ಗೆರೆ ಎಲ್ಲಿ ಬಿಗಿ, ಇವುಗಳ ಮೇಲೆ ಮಾತಾಡಿ. ಬ್ಲೇಕ್ ಕಸುಬಿನಿಂದ ತಾಮ್ರದ ತಗಡು ಕೊರೆಯುವವನು. ಅವನ ಜಲವರ್ಣದಲ್ಲೂ ಗೆರೆಯೇ ಯಜಮಾನ, ಬಣ್ಣ ಅದರ ಹಿಂದೆ ಬರುತ್ತದೆ.

## ಹಂತ 8: ಬರೆಯಿರಿ

ಮೊದಲ ವಾಕ್ಯದಲ್ಲಿ ಗ್ರಂಥ ಏನು ಹೇಳುತ್ತದೆ, ಎರಡನೆಯದರಲ್ಲಿ ಚಿತ್ರ ಏನು ಸೇರಿಸುತ್ತದೆ, ಮೂರನೆಯದರಲ್ಲಿ ಆ ಸೇರ್ಪಡೆಯಿಂದ ನೋವಿನ ಕಾರಣ ಹೇಗೆ ಬದಲಾಗುತ್ತದೆ, ಕೊನೆಗೆ ಕಾಲದ ಒಂದು ಗಟ್ಟಿ ಸಾಕ್ಷಿ. ಈ ಕ್ರಮ ಹಿಡಿದರೆ ಪ್ಯಾರಾ ತಾನಾಗಿ ನಿಲ್ಲುತ್ತದೆ.

ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ: “ಬ್ಲೇಕ್ ಈ ಚಿತ್ರದಲ್ಲಿ ಮಾನವನ ಅಪಾರ ನೋವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾನೆ. ಯೋಬನ ಮುಖದಲ್ಲಿ ಸಂಕಟ ಎದ್ದು ಕಾಣುತ್ತದೆ. ಅಂದಿನ ಸಮಾಜದ ಶೋಷಣೆಗೆ ಇದು ಕನ್ನಡಿ.”

ಅದೇ ಮಾತನ್ನು ಮೇಲಿನ ಕ್ರಮದಲ್ಲಿ ಬರೆದರೆ: “ಯೋಬನ ಗ್ರಂಥದ 7ನೇ ಅಧ್ಯಾಯದಲ್ಲಿ ಇರುವುದು ಹಾಸಿಗೆ, ಕನಸು, ಭಯ ಮಾತ್ರ. ಬ್ಲೇಕ್ ಅದಕ್ಕೆ ಕಾನೂನಿನ ಕಲ್ಲಿನ ಹಲಗೆ, ಸರಪಳಿ ಸೇರಿಸುತ್ತಾನೆ. ಅವನ್ನು ತೋರಿಸಿ ಹೆದರಿಸುವವನಿಗೆ ಯೋಬನದೇ ಮುಖ ಕೊಟ್ಟು, ಕಾಲಿಗೆ ಸೀಳುಗೊರಸು ಇಡುತ್ತಾನೆ. ಹಾಗಾಗಿ ಇಲ್ಲಿ ಯೋಬನನ್ನು ಅದುಮುತ್ತಿರುವುದು ಶಿಕ್ಷೆಯನ್ನೇ ನ್ಯಾಯ ಅಂದುಕೊಂಡಿದ್ದ ಅವನದೇ ನಂಬಿಕೆ. ಬಡತನಕ್ಕೆ ದೇವರ ಹೆಸರು ಹಚ್ಚುವುದನ್ನು 1798ರ ಟಿಪ್ಪಣಿಯಲ್ಲಿ ತಳ್ಳಿಹಾಕಿದ ಬ್ಲೇಕ್, ಏಳೆಂಟು ವರ್ಷ ಬಿಟ್ಟು ಅಂಥ ದೇವರ ಕಾಲಿಗೇ ಗೊರಸು ಬರೆದಿದ್ದಾನೆ.”

ಎರಡನೆಯದರಲ್ಲಿ ‘ನೋವು’ ಎಂಬ ಪದವೇ ಬಂದಿಲ್ಲ, ಗಮನಿಸಿ. ಬರಬಾರದು ಅಂತೇನಿಲ್ಲ, ಬರದೆಯೂ ನಡೆಯುತ್ತದೆ.

## ದಾರಿ ತಪ್ಪುತ್ತಿದ್ದೀರಿ ಅನ್ನಲು ಗುರುತುಗಳು

ನಿಮ್ಮ ಬರಹದಲ್ಲಿ ಕೈ, ಕಾಲು, ಮುಖ, ವಸ್ತು ಯಾವುದರ ಹೆಸರೂ ಇಲ್ಲದೆ ಒಂದು ಇಡೀ ಪ್ಯಾರಾ ಹೋಗಿದ್ದರೆ, ನೀವು ಚಿತ್ರ ಬಿಟ್ಟು ಹೊರಗೆ ಬಂದಿದ್ದೀರಿ. ಮೊದಲ ಹಂತಕ್ಕೆ ವಾಪಸ್.

‘ಸಂಕೇತಿಸುತ್ತದೆ’ ಎಂಬ ಪದ ಪುಟಕ್ಕೆ ನಾಲ್ಕು ಸಲ ಬಂದಿದ್ದರೆ, ಆಧಾರವಿಲ್ಲದೆ ಒಂದಕ್ಕೊಂದು ಗಂಟು ಹಾಕುತ್ತಿದ್ದೀರಿ. ಪ್ರತಿ ಸಲವೂ ‘ಹೀಗಂತ ಎಲ್ಲಿಂದ ಗೊತ್ತಾಯಿತು?’ ಅಂತ ಪಕ್ಕದಲ್ಲಿ ಬರೆದು ಉತ್ತರಿಸಿ.

ಎಡ ಬಲದ ಬಗ್ಗೆ ಜಾಗ್ರತೆ. 1910ರಲ್ಲಿ ಜೋಸೆಫ್ ವಿಕ್‌ಸ್ಟೀಡ್ ಎಂಬ ವಿದ್ವಾಂಸ, ಬ್ಲೇಕ್‌ನ ಯೋಬ ಚಿತ್ರಗಳಲ್ಲಿ ಬಲಗೈ, ಬಲಗಾಲು ಆತ್ಮದ ಕಡೆ, ಎಡ ಲೌಕಿಕದ ಕಡೆ ಅಂತ ತೋರಿಸಿದ. ಯೋಬ ಭಿಕ್ಷುಕನಿಗೆ ರೊಟ್ಟಿ ಕೊಡುವ ಚಿತ್ರದಲ್ಲಿ ಎಡಗೈ ಬಳಸಿರುವುದರಿಂದ ಅದು ಮನಸ್ಸಿಲ್ಲದ, ನಿಯಮಕ್ಕಾಗಿ ಮಾಡಿದ ದಾನ ಅಂತ ಓದುವುದು ಈ ದಾರಿಯಲ್ಲೇ. ಎಡಗೈಯಲ್ಲಿ ಕೊಡಬಾರದು ಅಂತ ಬೆಳೆದ ನಮಗೆ ಇದು ಥಟ್ಟನೆ ಹಿಡಿಸಿಬಿಡುತ್ತದೆ. ಹಿಡಿಸಿತು ಅಂತ ಎಲ್ಲ ಕಡೆ ಹಾಕಬೇಡಿ. ಎಡಬಲದ ಜೊತೆಗೆ ಚಿತ್ರದಲ್ಲಿ ಇನ್ನೊಂದು ಸಾಕ್ಷಿಯಾದರೂ ಸಿಕ್ಕಾಗ ಮಾತ್ರ ಬಳಸಿ.

ಕೊನೆಯದು, ಒಂದು ಚಿತ್ರದ ಅರ್ಥವನ್ನು ಇಡೀ ಸರಣಿಯ ಅರ್ಥ ಅಂದುಕೊಳ್ಳುವುದು. ‘ಕೆಟ್ಟ ಕನಸು’ ನಡುವೆ ಬರುವ, ಅತಿ ಕತ್ತಲಿನ ಚಿತ್ರ. ಮೊದಲ ಚಿತ್ರ ನೋಡಿ: ಯೋಬನ ಮನೆಯವರೆಲ್ಲ ಮರದ ಕೆಳಗೆ ಪುಸ್ತಕ ಹಿಡಿದು ಪ್ರಾರ್ಥನೆಗೆ ಕೂತಿದ್ದಾರೆ, ಸಂಗೀತದ ವಾದ್ಯಗಳನ್ನು ಮರಕ್ಕೆ ನೇತುಹಾಕಿದ್ದಾರೆ. ಕೊನೆಯ ಚಿತ್ರದಲ್ಲಿ ಅದೇ ಮನೆಯವರು ಎದ್ದು ನಿಂತು ಆ ವಾದ್ಯಗಳನ್ನು ನುಡಿಸುತ್ತಿದ್ದಾರೆ. ನಡುವಿನ ಗೊರಸಿನ ದೇವರನ್ನು ಈ ಎರಡರ ಮಧ್ಯೆ ಇಟ್ಟು ನೋಡದೆ ‘ಬ್ಲೇಕ್ ದೇವರನ್ನೇ ನಿರಾಕರಿಸಿದ’ ಅಂತ ಬರೆಯುವುದು ತಪ್ಪು. ಅವನು ಕೊನೆಯವರೆಗೂ ತನ್ನದೇ ರೀತಿಯ ಕ್ರೈಸ್ತ.

## ಮುಂದಿನ ಅಭ್ಯಾ­ಸ

ಇದೇ ಸರಣಿಯಲ್ಲಿ ಮೂವರು ಸ್ನೇಹಿತರು ಯೋಬನನ್ನು ದೂರುವ ಚಿತ್ರ ತೆಗೆದುಕೊಳ್ಳಿ. ಟ್ರೇಸಿಂಗ್ ಹಾಳೆ ಇಟ್ಟು ಅವರ ಚಾಚಿದ ಕೈಗಳನ್ನು ಮಾತ್ರ ಎಳೆಯಿರಿ, ಎಲ್ಲವೂ ಎತ್ತ ಕಡೆ ತಿರುಗಿವೆ ನೋಡಿ. ಆಮೇಲೆ 22ನೇ ಅಧ್ಯಾಯದ ಎಲೀಫಜನ ಮಾತನ್ನು ಎರಡನೆಯ ಕಾಲಂನಲ್ಲಿ ಬರೆದುಕೊಳ್ಳಿ. ಮೂರನೆಯ ಕಾಲಂ ಈ ಸಲ ಚಿಕ್ಕದಾಗುತ್ತದೆ, ಯಾಕೆಂದರೆ ಇಲ್ಲಿ ಬ್ಲೇಕ್ ಗ್ರಂಥಕ್ಕೆ ಹೆಚ್ಚು ಹತ್ತಿರ ಇದ್ದಾನೆ. ಕಾಲಂ ಖಾಲಿ ಕಂಡಿತು ಅಂತ ಏನಾದರೂ ತುಂಬಿಸಲು ಹೋಗಬೇಡಿ.